ಆನ್‌ಲೈನ್ ವ್ಯಾಪಾರದ ವಂಚನೆ ಮತ್ತು ಹಣದ ರಕ್ಷಣೆ: ಗೂಡಲೂರಿನ ಕನ್ನಡ ಕುಟುಂಬಗಳಿಗೆ ಮಾಹಿತಿ

ಗೂಡಲೂರಿನಿಂದ ಹೊರಡುವ ರಸ್ತೆಗಳು ಮೂರು ರಾಜ್ಯಗಳನ್ನು ಮುಟ್ಟುತ್ತವೆ. ಮುದುಮಲೆ ಮತ್ತು ಬಂಡೀಪುರದ ಕಾಡನ್ನು ದಾಟಿದರೆ ಗುಂಡ್ಲುಪೇಟೆ, ನಾಡುಗಾಣಿಯ ಘಾಟಿ ಇಳಿದರೆ ನಿಲಂಬೂರು, ಬೆಟ್ಟ ಏರಿದರೆ ಉದಕಮಂಡಲ. ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಪೇಟೆಯಲ್ಲಿ ತಮಿಳು, ನೆರೆಯವರೊಡನೆ ಮಲಯಾಳ, ಮನೆಯಲ್ಲಿ ಕನ್ನಡ ಎಂದು ಮೂರು ನುಡಿಗಳ ನಡುವೆ ದಿನ ಕಳೆಯುತ್ತವೆ. ಕೈಯಲ್ಲಿರುವ ಫೋನು ಇವುಗಳ ಜೊತೆಗೆ ಇಂಗ್ಲಿಷನ್ನೂ ಸೇರಿಸಿದೆ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ, ಪಾರ್ಸೆಲ್ ತರುವವರ ಕರೆ ತಮಿಳಿನಲ್ಲಿ, ವಂಚಕನ ಕರೆ ಬಹಳ ಸಲ ಹಿಂದಿಯಲ್ಲಿ. ಶಾಲೆಯಿಂದ ಬಂದ ಮಗನೋ ಮಗಳೋ ಇದನ್ನೆಲ್ಲ ತಂದೆತಾಯಿಗೆ ಬಿಡಿಸಿ ಹೇಳುವುದು ಅನೇಕ ಮನೆಗಳ ರೂಢಿ. ಪರದೆಯ ಮೇಲಿನ ಬರಹ ಅರ್ಥವಾಗದೆಯೇ ಗುಂಡಿ ಒತ್ತುವ ಕ್ಷಣವೊಂದು ಬರುತ್ತದೆ. ವಂಚಕನಿಗೆ ಬೇಕಾದದ್ದು ಅದೇ.

ಆನ್‌ಲೈನಿನಲ್ಲಿ ಕೊಳ್ಳಬೇಡಿ, ಮಾರಬೇಡಿ ಎಂದು ಹೇಳುವುದಕ್ಕೆ ನಾವು ಈ ಲೇಖನ ಬರೆಯುತ್ತಿಲ್ಲ. ಒಂದು ಕನ್ನಡ ನಿಘಂಟು ಬೇಕೆಂದರೆ ಮೈಸೂರಿಗೆ ಹೋಗಿ ಬರಬೇಕಾಗಿದ್ದ ಮನೆಗೆ ಇಂದು ಅದು ಪಾರ್ಸೆಲ್ಲಿನಲ್ಲಿ ಬರುತ್ತದೆ. ಆ ಅನುಕೂಲವನ್ನು ಕೈಬಿಡಬೇಕಾಗಿಲ್ಲ. ಆದರೆ ಹಣ ಯಾವ ದಾರಿಯಲ್ಲಿ ಹೋದರೆ ಅದಕ್ಕೆ ಕಾವಲು ಇದೆ, ಯಾವ ದಾರಿಯಲ್ಲಿ ಹೋದರೆ ಇಲ್ಲ, ಹೋದ ಹಣದ ಬೆನ್ನು ಹತ್ತುವುದಕ್ಕೆ ಎಷ್ಟು ಹೊತ್ತು ಉಳಿದಿರುತ್ತದೆ ಎಂಬ ವಿಷಯಗಳನ್ನು ಮನೆಯ ಎಲ್ಲರೂ ತಮ್ಮ ಭಾಷೆಯಲ್ಲಿ ತಿಳಿದಿರಬೇಕು.

ಮಾರುವವನೇ ಮೋಸಹೋಗುವ ಬಗೆ

ಕೊಳ್ಳುವವನು ಮೋಸಹೋಗುವುದು ಹಳೆಯ ಸಂಗತಿ. ಮಾರುವವನೇ ಹಣ ಕಳೆದುಕೊಳ್ಳುವುದು ಯುಪಿಐ ಬಂದ ಮೇಲಿನ ಹೊಸತು. 2016ರಲ್ಲಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ವ್ಯವಸ್ಥೆಯನ್ನು ಆರಂಭಿಸಿತು. ಅದರ ಅನುಕೂಲದಷ್ಟೇ ಬೇಗ ಅದರ ದುರುಪಯೋಗವೂ ಹಬ್ಬಿತು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗನಿಗೆ ಚಿಕ್ಕದಾದ ಸೈಕಲ್ಲನ್ನು 3,000 ರೂಪಾಯಿಗೆ ಮಾರಲು ತಾಯಿ ಫೋನಿನಲ್ಲಿ ಚಿತ್ರ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಕರೆ ಬರುತ್ತದೆ. ಕರೆ ಮಾಡಿದವನು ಚೌಕಾಶಿ ಮಾಡುವುದಿಲ್ಲ, ಸೈಕಲ್ ನೋಡಬೇಕೆಂದೂ ಕೇಳುವುದಿಲ್ಲ. ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಹುಡುಗರನ್ನು ಕಳುಹಿಸಿ ವಸ್ತು ತರಿಸಿಕೊಳ್ಳುತ್ತೇನೆ, ಹಣ ಈಗಲೇ ಹಾಕುತ್ತೇನೆ ಎನ್ನುತ್ತಾನೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು ಎಲ್ಲವೂ ವಾಟ್ಸ್‌ಆ್ಯಪಿಗೆ ಬರುತ್ತವೆ. ದೇಶದ ಉದ್ದಗಲಕ್ಕೂ ನಡೆದಿರುವ ಈ ಸೇನೆಯ ವೇಷ ನಮ್ಮ ಜಿಲ್ಲೆಯಲ್ಲಿ ಇನ್ನೂ ಸುಲಭವಾಗಿ ನಂಬಿಕೆ ಗಳಿಸುತ್ತದೆ. ಕೂನೂರಿನ ಪಕ್ಕದ ವೆಲ್ಲಿಂಗ್ಟನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವೂ ರಕ್ಷಣಾ ಸೇವೆಗಳ ಸಿಬ್ಬಂದಿ ಕಾಲೇಜೂ ಇವೆ. ‘ವೆಲ್ಲಿಂಗ್ಟನ್‌ನಿಂದ ಮಾತನಾಡುತ್ತಿದ್ದೇನೆ’ ಎಂದರೆ ನೀಲಗಿರಿಯಲ್ಲಿ ಯಾರು ತಾನೇ ಸಂಶಯಪಡುತ್ತಾರೆ?

ಮುಂದೆ ಅವನು ಒಂದು ರೂಪಾಯಿ ಕಳುಹಿಸುತ್ತಾನೆ. ಅದು ನಿಜವಾಗಿಯೂ ಖಾತೆಗೆ ಬರುತ್ತದೆ. ಬಳಿಕ ಒಂದು ಕ್ಯೂಆರ್ ಸಂಕೇತ ಬರುತ್ತದೆ: ‘ಅಕ್ಕಾ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, 3,000 ನಿಮ್ಮ ಖಾತೆಗೆ ಬೀಳುತ್ತದೆ.’ ಪಿನ್ ಹಾಕಿದ ಕೂಡಲೇ 3,000 ಹೋಗುತ್ತದೆ. ‘ತಪ್ಪಾಯಿತು, ಹಿಂದಿರುಗಿಸುತ್ತೇನೆ’ ಎಂದು ಎರಡನೆಯ ಸಂಕೇತ ಕಳುಹಿಸುತ್ತಾನೆ. ಅದರಲ್ಲಿ 6,000 ಹೋಗುತ್ತದೆ. ಮೊದಲ ಸಲ ಹೋದ ಹಣವನ್ನು ಮರಳಿ ಪಡೆಯುವ ಆತುರದಲ್ಲಿ ಎರಡನೆಯ ಸಲ ಹೆಚ್ಚು ಹಣ ಹೋಗುವುದು ಈ ವಂಚನೆಯ ಸ್ವಭಾವ.

ಓದು ಬರಹ ಕಡಿಮೆ ಇದ್ದವರಿಗೆ ಮಾತ್ರ ಹೀಗಾಗುತ್ತದೆ ಎಂದು ಯಾರೂ ಭಾವಿಸಬಾರದು. 2021ರ ಫೆಬ್ರವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿಗಳ ಮನೆಯವರೇ ಹಳೆಯ ಸೋಫಾ ಮಾರಲು ಹೋಗಿ ಇದೇ ಕ್ರಮದಲ್ಲಿ 34,000 ರೂಪಾಯಿ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಮೊದಲು ಅಲ್ಪ ಮೊತ್ತ ಬಂತು, ಆಮೇಲೆ 20,000 ಹೋಯಿತು, ಅದನ್ನು ಸರಿಪಡಿಸುವ ನೆಪದಲ್ಲಿ 14,000 ಹೋಯಿತು.

ಇಲ್ಲಿ ನೆನಪಿಡಬೇಕಾದ ತಾಂತ್ರಿಕ ಸತ್ಯ ಒಂದೇ. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಲ್ಲ, ಏನನ್ನೂ ಒಪ್ಪಬೇಕಾಗಿಲ್ಲ. ನಮ್ಮ ಫೋನು ಆರಿಹೋಗಿದ್ದರೂ ಹಣ ಖಾತೆಗೆ ಬರುತ್ತದೆ. ಪಿನ್ ಬೇಕಾಗುವುದು ಹಣ ಕಳುಹಿಸುವುದಕ್ಕೆ ಮತ್ತು ಖಾತೆಯ ಬ್ಯಾಲೆನ್ಸ್ ನೋಡುವುದಕ್ಕೆ. ಆದುದರಿಂದ ಪಿನ್ ಕೇಳುವ ಪರದೆಯಲ್ಲಿ ಒಂದು ಮೊತ್ತವೂ ಒಂದು ಹೆಸರೂ ಕಾಣುತ್ತಿದ್ದರೆ ಆ ಮೊತ್ತ ಆ ಹೆಸರಿನವರಿಗೆ ಹೋಗಲಿದೆ ಎಂದೇ ಅರ್ಥ.

ವಂಚಕರು ಬಹುಕಾಲ ಬಳಸಿದ ಇನ್ನೊಂದು ದಾರಿ ‘ಹಣದ ಕೋರಿಕೆ’. ಕೊಡುವವನಂತೆ ನಟಿಸಿ ಕೇಳುವ ಸಂದೇಶ ಕಳುಹಿಸುವುದು ಅದರ ರೀತಿ. ಇದರಿಂದಾದ ಹಾನಿಯನ್ನು ಕಂಡು ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕೋರಿಕೆಗಳನ್ನು ನಿಲ್ಲಿಸಿತು. ವ್ಯಾಪಾರಿಗಳು ಕಳುಹಿಸುವ ಕೋರಿಕೆಗಳು ಈಗಲೂ ಇವೆ, ಕ್ಯೂಆರ್ ಸಂಕೇತವೂ ಇದೆ. ಆದುದರಿಂದ ಅಪಾಯ ಕಡಿಮೆಯಾಗಿದೆಯೇ ಹೊರತು ತೀರಿಲ್ಲ.

ಸಣ್ಣ ಅಂಗಡಿ ಇಟ್ಟುಕೊಂಡವರಿಗೆ, ಮನೆಯಲ್ಲಿ ಜೇನು, ಕಾಳುಮೆಣಸು, ಕಾಫಿಪುಡಿ ಮಾರುವವರಿಗೆ ಬೇರೆ ತೊಂದರೆ ಇದೆ. ಹಣ ಕಳುಹಿಸಿದ್ದೇನೆ ಎಂದು ಗ್ರಾಹಕನು ತೋರಿಸುವ ಪರದೆಯ ಚಿತ್ರವನ್ನು ಎರಡು ನಿಮಿಷದಲ್ಲಿ ತಯಾರಿಸಬಹುದು. ‘ತಪ್ಪಿ ಹೆಚ್ಚು ಹಾಕಿಬಿಟ್ಟೆ, ಉಳಿದದ್ದನ್ನು ವಾಪಸು ಕಳುಹಿಸಿ’ ಎಂಬ ಕರೆಯೂ ಅದರ ಜೊತೆಗೆ ಬರುವ ನಕಲಿ ಬ್ಯಾಂಕ್ ಸಂದೇಶವೂ ಇದೇ ಜಾತಿಯವು. ಬ್ಯಾಂಕಿನ ನಿಜವಾದ ಸಂದೇಶವು ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ. ಅನುಮಾನ ಬಂದಾಗ ಸಂದೇಶವನ್ನು ಬದಿಗಿಟ್ಟು ಆ್ಯಪ್‌ನಲ್ಲಿ ಖಾತೆಯ ವಹಿವಾಟು ತೆರೆದು ನೋಡಬೇಕು. ಹಣ ಅಲ್ಲಿ ಕಂಡರೆ ಬಂದಿದೆ, ಕಾಣದಿದ್ದರೆ ಬಂದಿಲ್ಲ.

ಕೊಳ್ಳುವಾಗ

ನಮ್ಮ ಹಿರಿಯರ ಕಾಲದಲ್ಲಿ ವಿ.ಪಿ.ಪಿ. ಇತ್ತು. 1877ರಲ್ಲಿ ಭಾರತೀಯ ಅಂಚೆಯು ಆರಂಭಿಸಿದ ಈ ವ್ಯವಸ್ಥೆಯಲ್ಲಿ ಅಂಚೆಯವರು ಹಣ ಪಡೆದು ಪಾರ್ಸೆಲ್ ಕೊಡುತ್ತಿದ್ದರು, ಅಂಚೆ ಇಲಾಖೆ ಆ ಹಣವನ್ನು ಮಾರಿದವರಿಗೆ ತಲುಪಿಸುತ್ತಿತ್ತು. ಪತ್ರಿಕೆಯ ಜಾಹೀರಾತು ನೋಡಿ ರೇಡಿಯೋ ತರಿಸಿದವರಿಗೆ ಇಟ್ಟಿಗೆ ಬಂದ ಕಥೆಗಳು ಆಗಲೂ ಇದ್ದವು. ಇಂದಿನ ‘ಮನೆಬಾಗಿಲಲ್ಲಿ ಹಣ’ ಪದ್ಧತಿಗೂ ಅದೇ ಮಿತಿ ಇದೆ. ಹಣ ಕೊಟ್ಟ ಮೇಲೆ ಪೊಟ್ಟಣ ಬಿಚ್ಚುತ್ತೇವೆ. ಹೆಸರು ಕೇಳಿರದ ಜಾಲತಾಣದ ಜಾಹೀರಾತು ನಂಬಿ ತರಿಸಿದ 499 ರೂಪಾಯಿಯ ಸೀರೆಯ ಬದಲು ಹರಿದ ಬಟ್ಟೆ ಬಂದಿದ್ದರೆ, ಪಾರ್ಸೆಲ್ ತಂದ ಹುಡುಗನೊಡನೆ ಜಗಳವಾಡಿ ಪ್ರಯೋಜನವಿಲ್ಲ. ಅವನು ಹೊತ್ತು ತಂದವನು ಮಾತ್ರ. ಪೊಟ್ಟಣದ ಮೇಲಿರುವ ಕಳುಹಿಸಿದವರ ವಿಳಾಸ ಕಾಣುವಂತೆ, ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ವಿಡಿಯೋದಲ್ಲಿ ಚಿತ್ರಿಸಿಟ್ಟುಕೊಂಡರೆ ಮುಂದೆ ದೂರಿಗೆ ಆಧಾರವಾಗುತ್ತದೆ. ಮನೆಯಲ್ಲಿ ಯಾರೂ ತರಿಸದ ಪಾರ್ಸೆಲ್ಲಿಗೆ ಹಣ ಕೊಡಬಾರದು. ಹಗಲಿನಲ್ಲಿ ಅಜ್ಜಿ ಒಬ್ಬರೇ ಇರುವ ಮನೆಗಳಲ್ಲಿ ಈ ಮಾತನ್ನು ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ದೊಡ್ಡ ಮಾರಾಟ ತಾಣದಲ್ಲಿ ಅದರೊಳಗೇ ಹಣ ಕಟ್ಟಿದಾಗ ಆದೇಶದ ಸಂಖ್ಯೆ, ರಸೀದಿ, ಹಿಂದಿರುಗಿಸುವ ನಿಯಮ, ದೂರು ಕೇಳುವ ಅಧಿಕಾರಿ ಎಲ್ಲವೂ ಇರುತ್ತವೆ. ಅಲ್ಲಿ ಚಿತ್ರ ತೋರಿಸಿ, ‘ಈ ಆದೇಶ ರದ್ದು ಮಾಡಿ, ನೇರವಾಗಿ ನನ್ನ ನಂಬರಿಗೆ ಹಾಕಿದರೆ 500 ಕಡಿಮೆ ಮಾಡಿಕೊಡುತ್ತೇನೆ’ ಎಂದು ಮಾರುವವನು ಹೇಳಿದರೆ, ಆ ಐನೂರಕ್ಕೆ ಬದಲಾಗಿ ಇಷ್ಟೂ ಕಾವಲನ್ನು ನಾವು ಬಿಟ್ಟುಕೊಟ್ಟಂತೆ. ವ್ಯಕ್ತಿಯ ಯುಪಿಐಗೆ ನೇರವಾಗಿ ಕಳುಹಿಸಿದ ಹಣ ಕೈಗೆ ಕೊಟ್ಟ ನೋಟಿನಂತೆ. ಅದು ಯಾವುದಕ್ಕಾಗಿ ಹೋಯಿತು ಎಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ.

ಓಟಿಪಿಯ ವಿಷಯದಲ್ಲಿ ನಮ್ಮ ಓದುಗರಲ್ಲಿ ಗೊಂದಲವಿರುವುದು ಸಹಜ. ‘ಓಟಿಪಿ ಯಾರಿಗೂ ಹೇಳಬೇಡಿ’ ಎನ್ನುತ್ತಾರೆ, ಪಾರ್ಸೆಲ್ ತಂದವರು ಓಟಿಪಿ ಕೇಳದೆ ಕೊಡುವುದಿಲ್ಲ. ಎರಡೂ ಬೇರೆ ಬೇರೆ. ಪಾರ್ಸೆಲ್ಲಿನ ಓಟಿಪಿ ಬರುವ ಸಂದೇಶದಲ್ಲಿ ಮಾರಾಟ ತಾಣದ ಅಥವಾ ಕೊರಿಯರಿನ ಹೆಸರಿರುತ್ತದೆ, ಪಾರ್ಸೆಲ್ ಕೈಗೆ ಬಂದ ಮೇಲೆ ಅದನ್ನು ಹೇಳಬಹುದು. ಸಂದೇಶದಲ್ಲಿ ಬ್ಯಾಂಕಿನ ಹೆಸರು, ಕಾರ್ಡು ಅಥವಾ ಖಾತೆಯ ಕೊನೆಯ ಅಂಕಿಗಳು, ರೂಪಾಯಿಯ ಮೊತ್ತ ಇದ್ದರೆ ಅದು ಬ್ಯಾಂಕಿನ ಓಟಿಪಿ. ಅದನ್ನು ಯಾರಿಗೂ ಹೇಳಬಾರದು. ತೋಟದ ಲೈನ್ ಮನೆಗಳಿಗೆ ಹಲವು ಸಲ ಬಾಗಿಲವರೆಗೆ ಪಾರ್ಸೆಲ್ ಬಾರದೆ, ರಸ್ತೆಯ ಬದಿಯಲ್ಲೋ ಅಂಗಡಿಯಲ್ಲೋ ಪಡೆಯಬೇಕಾಗುತ್ತದೆ. ‘ಅಂಗಡಿಯಲ್ಲಿ ಇಟ್ಟಿದ್ದೇನೆ, ಓಟಿಪಿ ಹೇಳಿ’ ಎಂದು ಫೋನಿನಲ್ಲಿ ಕೇಳಿದರೆ, ಅಂಗಡಿಯವರು ಪಾರ್ಸೆಲ್ ನೋಡಿ ಹೌದೆಂದ ಬಳಿಕವೇ ಹೇಳಬೇಕು.

ಭಾರತೀಯ ಅಂಚೆಯ ಹೆಸರಿನಲ್ಲಿ ‘ವಿಳಾಸ ಸರಿಯಿಲ್ಲ, ನಿಮ್ಮ ಪಾರ್ಸೆಲ್ ಗೋದಾಮಿನಲ್ಲಿದೆ, ಈ ಕೊಂಡಿ ಒತ್ತಿ ಸರಿಪಡಿಸಿ’ ಎಂಬ ಸಂದೇಶ ಹರಿದಾಡಿದಾಗ ಅದು ನಕಲಿ ಎಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆ ಎಚ್ಚರಿಸಿತ್ತು. ಅಂತಹ ಕೊಂಡಿ ಒತ್ತಿದರೆ ಐದಿಪ್ಪತ್ತು ರೂಪಾಯಿ ಕಟ್ಟಲು ಹೇಳಿ ಕಾರ್ಡಿನ ವಿವರವನ್ನೇ ಪಡೆಯುತ್ತಾರೆ. ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕುವುದೂ ಅಪಾಯ. ಮೇಲೆಯೇ ಕಾಣುವ ಸಂಖ್ಯೆಯನ್ನು ವಂಚಕನೇ ಹಾಕಿರಬಹುದು. ಅವನು ‘ಹಣ ಹಿಂದಿರುಗಿಸುತ್ತೇನೆ’ ಎಂದು ಹೇಳಿ ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸಿದರೆ ನಮ್ಮ ಫೋನಿನ ಪರದೆ ಅವನಿಗೆ ಪೂರ್ತಿ ಕಾಣುತ್ತದೆ. ರಿಸರ್ವ್ ಬ್ಯಾಂಕ್ ಈ ಬಗ್ಗೆ 2019ರಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು. ಸಹಾಯವಾಣಿ ಬೇಕಾದರೆ ಆಯಾ ಆ್ಯಪ್‌ನ ಒಳಗೆ ಅಥವಾ ಪಾಸ್‌ಪುಸ್ತಕದ ಮೇಲೆ ನೋಡಬೇಕು.

ಕರ್ನಾಟಕದ ನೆಂಟರಿಗೂ ಒಂದು ಮಾತು ತಿಳಿಸಬಹುದು. ನೀಲಗಿರಿಗೆ ವಾಹನದಲ್ಲಿ ಬರುವ ಹೊರಗಿನವರಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂತು. ಸರ್ಕಾರ ಅದಕ್ಕೆ ಶುಲ್ಕ ಪಡೆಯುವುದಿಲ್ಲ. ಹಣ ಕೇಳುವ ತಾಣ ಸರ್ಕಾರದ್ದಲ್ಲ. ಮಸಿನಗುಡಿಯ ಕೋಣೆಗಳಿಗೆ ಮುಂಗಡ ಕಟ್ಟುವ ಮೊದಲು ಆ ವಸತಿಗೃಹ ನಿಜವಾಗಿ ಅಲ್ಲಿದೆಯೇ ಎಂದು ಊರಿನಲ್ಲಿರುವ ನಮ್ಮನ್ನು ಒಂದು ಮಾತು ಕೇಳಿದರೆ ಸಾಕು.

ಗಡಿಯಾಚೆಯ ಹಳೆಯ ವಾಹನ

ನಮ್ಮ ಕಡೆಯ ಕುಟುಂಬಗಳು ಒಮ್ಮೆಗೇ ದೊಡ್ಡ ಮೊತ್ತ ಕಳೆದುಕೊಳ್ಳುವ ಸಾಧ್ಯತೆ ಇರುವುದು ಬಳಸಿದ ವಾಹನದಲ್ಲಿ. ಫೋನಿನಲ್ಲಿ ಕಾಣುವ ಬೈಕು ಮೈಸೂರಿನದಾಗಿರಬಹುದು, ವಯನಾಡಿನದಾಗಿರಬಹುದು, ಬೆಲೆ ಪೇಟೆಗಿಂತ ಬಹಳ ಕಡಿಮೆ. ‘ಸೇನೆಯ ಲಾರಿಯಲ್ಲಿ ಕಳುಹಿಸುತ್ತೇನೆ, ಸಾಗಣೆಗೆ 2,100 ಹಾಕಿ’ ಎಂದು ಆರಂಭವಾಗುತ್ತದೆ. ಆಮೇಲೆ ಗೇಟ್ ಪಾಸ್, ವಿಮೆ, ತೆರಿಗೆ ಎಂದು ಒಂದೊಂದೇ ಕಂತು. ವಾಹನ ಮಾತ್ರ ಬರುವುದಿಲ್ಲ.

ವಾಹನ ನಿಜವಾಗಿ ಇದ್ದರೂ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಬೇರೆ ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇಲ್ಲಿಗೆ ವರ್ಗಾಯಿಸಲು ಅಲ್ಲಿನ ಸಾರಿಗೆ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಮಾಲೀಕತ್ವ ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು, ಇಲ್ಲಿನ ರಸ್ತೆ ತೆರಿಗೆ ಬೇರೆ. ವಾಹನದ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಪರಿವಾಹನ್ ತಾಣದಲ್ಲಿ ಹಾಕಿ ನೋಡಿದರೆ ನೋಂದಣಿಯ ಕಚೇರಿ, ವಿಮೆಯ ಅವಧಿ, ವಾಹನದ ಮೇಲೆ ಸಾಲವಿದೆಯೇ ಎಂಬ ವಿವರಗಳು ತಿಳಿಯುತ್ತವೆ. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ವರ್ಗಾವಣೆ ಆಗುವುದಿಲ್ಲ. ಇದನ್ನೆಲ್ಲ ಕೊಳ್ಳುವವರು ನೋಡುವುದು ಬಹುಪಾಲು ಮುಂಗಡ ಕೊಟ್ಟ ಮೇಲೆ. ಗುಂಡ್ಲುಪೇಟೆಗೆ ಹಗಲು ಬಸ್ಸಿನಲ್ಲಿ ಹೋಗಿ, ಬೈಕನ್ನು ಕಣ್ಣಾರೆ ನೋಡಿ, ಮಾಲೀಕನ ಗುರುತಿನ ಚೀಟಿಯೊಡನೆ ನೋಂದಣಿ ಪತ್ರದ ಹೆಸರನ್ನು ತಾಳೆಹಾಕಿ ಬರುವ ಖರ್ಚು ಯಾವ ಮುಂಗಡಕ್ಕಿಂತಲೂ ಕಡಿಮೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ಗೂಡಲೂರಿನವರಿಗೆ ನೆನಪಿಸಬೇಕಾಗಿಲ್ಲ.

ಹಣ ಹೋದ ಮೇಲಿನ ಮೊದಲ ಗಂಟೆ

ವಂಚನೆಯ ಹಣ ಒಂದು ಖಾತೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿಂದ ಎರಡನೆಯ, ಮೂರನೆಯ ಖಾತೆಗೆ ಹರಿದು ಎಟಿಎಮ್‌ನಿಂದ ನಗದಾಗಿ ಹೊರಬೀಳುತ್ತದೆ. ಅದು ಹೊರಬೀಳುವುದಕ್ಕೆ ಮೊದಲು ತಡೆಯಲೆಂದೇ 1930 ಎಂಬ ಸಹಾಯವಾಣಿ ಇದೆ. ಕೇಂದ್ರ ಗೃಹ ಸಚಿವಾಲಯವು 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಆರಂಭಿಸಿದ ಈ ಸೇವೆ ಈಗ 1930ರಲ್ಲಿ ದೊರೆಯುತ್ತದೆ. ಹಳೆಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದುಕೊಂಡವರು ತಿದ್ದಿಕೊಳ್ಳಬೇಕು. ದೂರು ದಾಖಲಾದಾಗ ಅದು ಹಣ ಸೇರಿದ ಬ್ಯಾಂಕಿಗೆ ಹೋಗುತ್ತದೆ. ಹಣ ಅಲ್ಲಿಯೇ ಇದ್ದರೆ ತಡೆಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ದೂರು ಮುಂದಿನ ಬ್ಯಾಂಕನ್ನು ಹಿಂಬಾಲಿಸುತ್ತದೆ.

ಕರೆ ಮಾಡುವ ಮೊದಲು ಒಂದು ಕಾಗದದಲ್ಲಿ ಇವನ್ನು ಬರೆದುಕೊಂಡರೆ ಮಾತು ತಡವರಿಸುವುದಿಲ್ಲ: ನಮ್ಮ ಬ್ಯಾಂಕು ಮತ್ತು ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ ಮತ್ತು ವೇಳೆ, ಯುಪಿಐ ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆ, ಹಣ ಪಡೆದವರ ಯುಪಿಐ ವಿಳಾಸ ಮತ್ತು ಫೋನ್ ಸಂಖ್ಯೆ. ಕರೆಯ ಬಳಿಕ ಬರುವ ಸ್ವೀಕೃತಿ ಸಂಖ್ಯೆಯನ್ನು ಇಟ್ಟುಕೊಂಡು 24 ಗಂಟೆಯೊಳಗೆ ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಿ, ಅಂದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ, ಪೂರ್ಣ ವಿವರ ದಾಖಲಿಸಬೇಕು. ಬ್ಯಾಂಕಿಗೂ ಅದೇ ದಿನ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ವಂಚಕನೊಡನೆ ನಡೆದ ವಾಟ್ಸ್‌ಆ್ಯಪ್ ಮಾತುಕತೆಯನ್ನು ಸಿಟ್ಟಿನಲ್ಲೋ ನಾಚಿಕೆಯಲ್ಲೋ ಅಳಿಸಿಹಾಕಬಾರದು.

ನಾಚಿಕೆಯ ಮಾತನ್ನು ಇಲ್ಲಿ ಬೇಕೆಂದೇ ಹೇಳಿದ್ದೇವೆ. ಪಿನ್ ಒತ್ತಿದವಳು ಹದಿಮೂರರ ಮಗಳಾಗಿದ್ದರೆ ಅವಳು ಅಪ್ಪನಿಗೆ ಹೆದರಿ ಸಂಜೆಯವರೆಗೆ ಬಾಯಿ ಬಿಡುವುದಿಲ್ಲ. ಪಿನ್ ಒತ್ತಿದವರು ಅಪ್ಪನೇ ಆಗಿದ್ದರೆ ಮರುದಿನದವರೆಗೂ ಮನೆಯವರಿಗೆ ತಿಳಿಯುವುದಿಲ್ಲ. ತಡೆಯಬಹುದಾದ ಹಣ ಕೈತಪ್ಪುವುದು ಈ ಗಂಟೆಗಳಲ್ಲಿ. ಬೈಗುಳವನ್ನು ಕರೆ ಮುಗಿದ ಮೇಲಕ್ಕೆ ಇಟ್ಟುಕೊಳ್ಳಬಹುದು.

ಅಪರಾಧ ಯಾವ ರಾಜ್ಯದ್ದು ಎಂಬ ಪ್ರಶ್ನೆ ಗಡಿಯಲ್ಲಿರುವ ನಮ್ಮನ್ನು ಕಾಡುತ್ತದೆ. ಮನೆ ತಮಿಳುನಾಡಿನಲ್ಲಿ, ಬ್ಯಾಂಕ್ ಖಾತೆ ಗುಂಡ್ಲುಪೇಟೆಯಲ್ಲಿ, ವಂಚಕ ಇನ್ನೆಲ್ಲೋ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ‘ಇದು ನಮ್ಮ ಸರಹದ್ದಲ್ಲ’ ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಜಿಲ್ಲೆಯ ಸೈಬರ್ ಅಪರಾಧ ಠಾಣೆ ಉದಕಮಂಡಲದಲ್ಲಿದೆ, ಆದರೆ ಮೊದಲ ದೂರಿಗಾಗಿ ಬೆಟ್ಟ ಹತ್ತಬೇಕಾಗಿಲ್ಲ.

ಕಾನೂನಿನ ರಕ್ಷಣೆ ಎಲ್ಲಿಯವರೆಗೆ

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಗ್ರಾಹಕನ ಅನುಮತಿಯಿಲ್ಲದೆ ಖಾತೆಯಿಂದ ಹಣ ಹೋದಾಗ, ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಲ್ಲೋ ಇದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಯಾವ ನಷ್ಟವೂ ಇಲ್ಲ. 4ರಿಂದ 7 ದಿನಗಳಲ್ಲಿ ತಿಳಿಸಿದರೆ ಮೂಲ ಉಳಿತಾಯ ಖಾತೆಯವರು ಗರಿಷ್ಠ 5,000, ಸಾಮಾನ್ಯ ಉಳಿತಾಯ ಖಾತೆಯವರು ಗರಿಷ್ಠ 10,000 ರೂಪಾಯಿ ನಷ್ಟ ಹೊರಬೇಕಾಗಬಹುದು. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಿ, 90 ದಿನಗಳಲ್ಲಿ ದೂರು ತೀರ್ಮಾನಿಸಬೇಕು. ತಪ್ಪು ಬ್ಯಾಂಕಿನದೇ ಆಗಿದ್ದರೆ ಗ್ರಾಹಕ ತಿಳಿಸಿರಲಿ ಬಿಡಲಿ, ಹೊಣೆ ಬ್ಯಾಂಕಿನದು.

ಸೈಕಲ್ ಮಾರಿದ ತಾಯಿಗೆ ಈ ರಕ್ಷಣೆ ದೊರೆಯುವುದು ಕಷ್ಟ. ಪಿನ್ ಅವರೇ ಹಾಕಿದ್ದಾರೆ. ಓಟಿಪಿ ಅಥವಾ ಪಿನ್ ಹಂಚಿಕೊಂಡಂತಹ ಅಜಾಗ್ರತೆ ಗ್ರಾಹಕನದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಎಂದು ಅದೇ ಸುತ್ತೋಲೆ ಹೇಳುತ್ತದೆ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಮೋಸಕ್ಕೆ ಒಳಗಾಗಿ ತಾನೇ ಪಿನ್ ಒತ್ತಿದವನನ್ನೂ ಅಜಾಗ್ರತೆಯುಳ್ಳವನೆಂದು ಕರೆಯುವುದು ನ್ಯಾಯವೇ ಎಂಬ ಪ್ರಶ್ನೆ ನಮಗೂ ಇದೆ. ಅರ್ಥವಾಗದ ಭಾಷೆಯಲ್ಲಿ ಪರದೆಯನ್ನು ತೋರಿಸಿ ಒಪ್ಪಿಗೆ ಪಡೆದದ್ದನ್ನು ಒಪ್ಪಿಗೆ ಎನ್ನಬಹುದೇ? ಆದರೆ ಇಂದಿನ ನಿಯಮದೊಳಗೆ ಇಂತಹವರಿಗೆ ಉಳಿದಿರುವ ನಿಜವಾದ ಆಸರೆ 1930 ಮತ್ತು ಪೊಲೀಸ್ ದೂರು ಮಾತ್ರ. ತಡೆಹಿಡಿದ ಹಣ ಮರಳಿ ಕೈಸೇರಲು ನ್ಯಾಯಾಲಯದ ಆದೇಶವೂ ಬೇಕಾಗಬಹುದು.

ವಂಚನೆಯಲ್ಲದೆ ತಾಂತ್ರಿಕ ದೋಷದಿಂದ ಹಣ ಕಡಿತವಾಗಿ ಪಡೆಯುವವರಿಗೆ ತಲುಪದಿದ್ದರೆ ವಿಷಯ ಸುಲಭ. ವ್ಯಕ್ತಿಗೆ ಕಳುಹಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕಳುಹಿಸಿದ್ದಾದರೆ 5 ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ತಿಂಗಳ ಆದೇಶವಿದೆ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಇದಕ್ಕೆ ಶುಲ್ಕವಿಲ್ಲ. 14448 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾಹಿತಿ ದೊರೆಯುತ್ತದೆ. ಸರಕಿನ ದೋಷ, ಬಾರದ ಸಾಮಾನು, ಹಿಂದಿರುಗದ ಹಣ ಇವುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿನ 17 ಭಾಷೆಗಳಲ್ಲಿ ಕನ್ನಡ, ತಮಿಳು, ಮಲಯಾಳ ಮೂರೂ ಸೇರಿವೆ. 2020ರ ಇ-ವಾಣಿಜ್ಯ ನಿಯಮಗಳಂತೆ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿ ತಿಂಗಳೊಳಗೆ ಪರಿಹರಿಸಬೇಕು. ಆಗಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಕಂಪನಿ ಬೆಂಗಳೂರಿನದಾಗಿದ್ದರೂ ನಮ್ಮ ಆಯೋಗ ಉದಕಮಂಡಲದ್ದೇ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, 2 ವರ್ಷಗಳೊಳಗೆ ಹೂಡಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಅದರ ಸಂಖ್ಯೆ 15100.

ಭಾಷೆಯ ಬಗ್ಗೆ ಸಂವಿಧಾನದ 350ನೆಯ ವಿಧಿ ಸ್ಪಷ್ಟವಾಗಿದೆ. ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಈ ಹಕ್ಕನ್ನು ನಾವು ಬಿಟ್ಟುಕೊಡಬಾರದು. ಆದರೆ ಮೊದಲ ಗಂಟೆಯಲ್ಲಿ ಅದಕ್ಕಾಗಿ ವಾದಿಸುತ್ತ ಕೂರುವುದು ಬೇಡ. 1930ಕ್ಕೆ ಕರೆ ಮಾಡುವಾಗ ಎದುರಿನವರಿಗೆ ತಿಳಿಯುವ ತಮಿಳಿನಲ್ಲೋ ಮತ್ತೊಂದರಲ್ಲೋ ಸಂಗತಿ ಹೇಳಿ ಮುಗಿಸಿ, ವಿವರವಾದ ಲಿಖಿತ ಹೇಳಿಕೆಯನ್ನು ಕನ್ನಡದಲ್ಲಿ ಬರೆದು ಕೊಡಬಹುದು. ಫೋನ್‌ಪೇ, ಗೂಗಲ್ ಪೇ, ಭೀಮ್ ಆ್ಯಪ್‌ಗಳಲ್ಲಿ ಕನ್ನಡವನ್ನು ಆರಿಸಿಕೊಳ್ಳುವ ಅವಕಾಶವಿದೆ. ‘ಪೇ’ ಎಂಬ ಗುಂಡಿಯನ್ನು ನೋಡಿ ಹಣ ಬರುತ್ತದೆಂದು ತಿಳಿದವರೂ ‘ಪಾವತಿಸಿ’ ಎಂಬುದನ್ನು ನೋಡಿ ನಿಲ್ಲುತ್ತಾರೆ. ಈ ಬದಲಾವಣೆಯನ್ನು ಇಂದು ಸಂಜೆಯೇ ಮಕ್ಕಳ ಕೈಯಲ್ಲಿ ಮಾಡಿಸಬಹುದು.

ಪ್ರಾಮಾಣಿಕರ ಖಾತೆಗೂ ಬೀಗ

ಕೊನೆಯದಾಗಿ, ಮಾರಿದವರು ಯಾವ ತಪ್ಪನ್ನೂ ಮಾಡದೆ ತೊಂದರೆಗೆ ಸಿಲುಕುವ ಒಂದು ಸಂದರ್ಭ. ಯಾರೋ ಕದ್ದ ಹಣದಿಂದ ನಮ್ಮ ಅಂಗಡಿಯಲ್ಲಿ 300 ರೂಪಾಯಿಯ ಸಾಮಾನು ಕೊಂಡರೆ, ಆ ಹಣದ ಜಾಡು ಹಿಡಿದು ಬರುವ ಬೇರೆ ರಾಜ್ಯದ ಪೊಲೀಸರ ಸೂಚನೆಯಂತೆ ನಮ್ಮ ಖಾತೆ ಸ್ಥಗಿತವಾಗಬಹುದು. 2023ರಲ್ಲಿ ನೆರೆಯ ಕೇರಳದಲ್ಲಿ ಹೀಗೆ ಅನೇಕರ ಖಾತೆಗಳು ಸ್ಥಗಿತಗೊಂಡು ವಿಷಯ ಹೈಕೋರ್ಟಿಗೆ ಹೋಯಿತು. ಪೊಲೀಸರು ಸೂಚಿಸಿದ ಮೊತ್ತಕ್ಕೆ ಮಾತ್ರ ತಡೆಯನ್ನು ಸೀಮಿತಗೊಳಿಸಬೇಕೆಂದು ನ್ಯಾಯಾಲಯ ಬ್ಯಾಂಕುಗಳಿಗೆ ಹೇಳಿತು. ಇಂತಹ ಸ್ಥಿತಿ ಬಂದವರು ಯಾವ ಠಾಣೆಯ ಯಾವ ದೂರಿನ ಮೇಲೆ ಎಷ್ಟು ಮೊತ್ತಕ್ಕೆ ತಡೆ ಬಂದಿದೆ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಕೇಳಬೇಕು, ಮಾರಾಟದ ರಸೀದಿಯನ್ನು ಆ ಠಾಣೆಗೆ ಕಳುಹಿಸಬೇಕು. ರಸೀದಿಯೇ ಇಲ್ಲದವರಿಗೆ ಹೇಳಲು ಬಾಯಿಮಾತು ಮಾತ್ರ ಉಳಿಯುತ್ತದೆ. ಜೇನಿನ ಒಂದು ಬಾಟಲಿ ಮಾರಿದರೂ ದಿನಾಂಕ, ಮೊತ್ತ, ಕೊಂಡವರ ಫೋನ್ ಸಂಖ್ಯೆ ಬರೆದಿಡುವ ಒಂದು ನೋಟುಪುಸ್ತಕ ಇರಲಿ ಎಂದು ನಾವು ಹೇಳುವುದು ಇದಕ್ಕೇ.

ಪ್ಲಸ್ ಟು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗರಿಗೆ ‘ನಿನ್ನ ಖಾತೆಯನ್ನು ಒಂದು ತಿಂಗಳು ಕೊಡು, 5,000 ಕೊಡುತ್ತೇನೆ’ ಎನ್ನುವವರು ಸಿಗುತ್ತಾರೆ. ಪಾಸ್‌ಪುಸ್ತಕ, ಎಟಿಎಮ್ ಕಾರ್ಡು, ಸಿಮ್ ಮೂರನ್ನೂ ಕೇಳುತ್ತಾರೆ. ಮೇಲೆ ಹೇಳಿದ ಎರಡನೆಯ, ಮೂರನೆಯ ಖಾತೆಗಳು ತಯಾರಾಗುವುದು ಹೀಗೆ. ಪೊಲೀಸರ ಕೈಗೆ ಮೊದಲು ಸಿಗುವುದು ವಂಚಕನ ಹೆಸರಲ್ಲ, ಖಾತೆ ಯಾರದೋ ಆ ಹುಡುಗನ ಹೆಸರು. ಈಗಾಗಲೇ ಕೊಟ್ಟಿರುವವರು ಇದ್ದರೆ ಬ್ಯಾಂಕಿನ ಶಾಖೆಗೆ ಹೋಗಿ ಲಿಖಿತವಾಗಿ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು, ಸಿಮ್ ನಿಲ್ಲಿಸಬೇಕು, ಠಾಣೆಗೆ ತಾವಾಗಿಯೇ ಹೋಗಿ ಹೇಳಬೇಕು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ನೋಡಬಹುದು. ತಮ್ಮದಲ್ಲದ ಸಂಖ್ಯೆ ಅಲ್ಲಿ ಕಂಡರೆ ಅದನ್ನು ತೆಗೆಸಲು ಅಲ್ಲಿಯೇ ಕೋರಬಹುದು.